ಆರ್‌ವಿ ಎಸಿ ಓಡುತ್ತದೆ, ತಣ್ಣಗಾಗುವುದಿಲ್ಲ: ರಿಪೇರಿನಾ, ಹೊಸದಾ?

ಹಿಲ್‌ಕಂಟ್ರಿ_ಶಿವು

ತಲೆ ಕೆಟ್ಟುಹೋಗಿದೆ. ನಮ್ಮ ಆರ್‌ವಿ, ಅಂದರೆ ಟ್ರಕ್ ಹಿಂದೆ ಎಳೆಯುವ ಮನೆಯಂಥ ಟ್ರೈಲರ್‌ನ ಎಸಿ ಬೆಳಗ್ಗೆ ಹಾಕಿದರೆ ರಾತ್ರಿವರೆಗೂ ನಿಲ್ಲದೆ ಓಡುತ್ತದೆ, ಒಳಗೆ ಮಾತ್ರ ಸೆಕೆ. ಥರ್ಮೋಸ್ಟಾಟ್ 74 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟಿದ್ದೇನೆ, ಮಧ್ಯಾಹ್ನ 86ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಹೋದ ವಾರ ಇಲ್ಲೇ ಟೆಕ್ಸಾಸ್‌ನ ಇಂಕ್ಸ್ ಲೇಕ್ ಸ್ಟೇಟ್ ಪಾರ್ಕಿಗೆ ಹೋಗಿದ್ದೆವು. ಊರಿಂದ ಬಂದಿರುವ ಅಪ್ಪ ಅಮ್ಮನೂ ಜೊತೆಗಿದ್ದರು. ಊಟ ಆದ ಮೇಲೆ ಒಳಗೆ ಮಲಗೋಕೆ ಆಗದೆ ಅಮ್ಮ ಟ್ರಕ್‌ನಲ್ಲಿ ಎಸಿ ಹಾಕಿಸಿಕೊಂಡು ಕೂತರು. ಅಷ್ಟು ದುಡ್ಡು ಕೊಟ್ಟು ಟ್ರೈಲರ್ ತಗೊಂಡಿದ್ದು ಇದಕ್ಕಾ ಅನಿಸಿತು.

ಇಲ್ಲಿನ ಒಂದು ಸರ್ವಿಸ್ ಸೆಂಟರ್‌ಗೆ ತೋರಿಸಿದೆ. ಮೇಲೆ ಹತ್ತಿ ಇಳಿದು ಬಂದು, "ಯೂನಿಟ್ ವೀಕ್ ಆಗಿದೆ, ಬದಲಾಯಿಸಿಬಿಡಿ" ಅಂದರು. ಕೂಲಿ ಸೇರಿ 2,400 ಡಾಲರ್. ಮೀಟರ್ ಹಿಡಿದಿದ್ದನ್ನು ನಾನು ನೋಡಲಿಲ್ಲ. ಲೇಬರ್ ಡೇ ರಜೆಗೆ ಮತ್ತೆ ಕ್ಯಾಂಪಿಂಗ್ ಸೈಟ್ ಬುಕ್ ಆಗಿದೆ. ಫಿಲ್ಟರ್ ತೊಳೆದಿದ್ದೇನೆ, ಅದನ್ನು ದಯವಿಟ್ಟು ಹೇಳಬೇಡಿ. ರಿಪೇರಿ ಮಾಡಿಸಲಾ, ಹೊಸದು ಹಾಕಿಸಲಾ? ನೇರವಾಗಿ ಹೇಳಿ.

ಹುಬ್ಬಳ್ಳಿ_ವೈರ್‌ಮನ್

ಮೋಟಾರ್ ಓಡಲು ನೆರವಾಗುವ ಕೆಪಾಸಿಟರ್ ರೀ. ಕಣ್ಣು ಮುಚ್ಚಿ ಹೇಳುತ್ತೇನೆ. 2,400 ಡಾಲರ್ ಕೊಡಬೇಡಿ. ರನ್ ಕೆಪಾಸಿಟರ್ 20–30 ಡಾಲರ್‌ಗೆ ಬರುತ್ತದೆ. ಪ್ಲಗ್ ತೆಗೆದು, ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಪಕ್ಕದ ಸಣ್ಣ ಡಬ್ಬಿ ತೆಗೆದರೆ ಕಾಣುತ್ತದೆ. ತಲೆ ಉಬ್ಬಿದೆಯಾ ನೋಡಿ. ಮುಟ್ಟುವ ಮೊದಲು ಡಿಸ್ಚಾರ್ಜ್ ಮಾಡಿ, ಪ್ಲಗ್ ತೆಗೆದರೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಕೆಪಾಸಿಟರ್ ಸೋತರೆ ಫ್ಯಾನ್ ನಿಧಾನ, ಫ್ಯಾನ್ ನಿಧಾನವಾದರೆ ಕಂಡೆನ್ಸರ್ ಬಿಸಿ ಬಿಡುವುದಿಲ್ಲ, ಅಲ್ಲಿಗೆ ಮುಗಿಯಿತು.

ಕುಡ್ಲ_ಕ್ಯಾಂಪರ್

ಮಾರಾಯ್ರೆ, ಅದಕ್ಕೂ ಮೊದಲು ವೋಲ್ಟೇಜ್ ನೋಡಿ. ವಾರಾಂತ್ಯ ಪಾರ್ಕ್ ತುಂಬಿರುತ್ತದೆ, ಎಲ್ಲರ ಎಸಿಯೂ ಓಡುತ್ತಿರುತ್ತದೆ. ಪೆಡೆಸ್ಟಲ್‌ನಲ್ಲಿ (ಸೈಟ್‌ನ ಕರೆಂಟ್ ಕಂಬ) 120 ವೋಲ್ಟ್ ಇರಬೇಕಾದ ಕಡೆ 105ಕ್ಕಿಂತ ಕೆಳಗೆ ಇಳಿದರೆ ಕಂಪ್ರೆಸರ್‌ಗೆ ಅದು ವಿಷ. ನಾನು ವೋಲ್ಟೇಜ್ ಏರಿಸುವ ಹ್ಯೂಸ್ ಆಟೋಫಾರ್ಮರ್ ಇಟ್ಟುಕೊಂಡಿದ್ದೇನೆ, ಹತ್ತು ಪರ್ಸೆಂಟ್‌ನಷ್ಟು ಏರಿಸಿ ಕೊಡುತ್ತದೆ. ನಿಮ್ಮ 30 ಆಂಪ್ ಪ್ಲಗ್‌ನ ಪಿನ್‌ಗಳನ್ನೂ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ಕರಗಿ ಪಿನ್ ಸುತ್ತ ಮೆತ್ತಿಕೊಂಡಿದ್ದರೆ ಅಲ್ಲೇ ನಿಮ್ಮ ವೋಲ್ಟೇಜ್ ಸೋರುತ್ತಿದೆ ಅಂತ ಲೆಕ್ಕ.

ರೇಖಾ_ಟೂಸಾನ್

ಶಿವು ಅವರೇ, ಇಷ್ಟರಲ್ಲಿ ಏನೂ ಹೇಳೋಕೆ ಆಗುವುದಿಲ್ಲ. ಟ್ರೈಲರ್ ಎಷ್ಟು ಅಡಿ? ಎಸಿಯ ತಂಪು ಮಾಡುವ ಸಾಮರ್ಥ್ಯ ಎಷ್ಟು ಬಿಟಿಯು? ಸೀಲಿಂಗ್‌ನಲ್ಲಿ ಡಕ್ಟ್ (ಗಾಳಿ ಸಾಗುವ ಕೊಳವೆ) ಇದೆಯಾ, ಅಥವಾ ಎಸಿ ಕೆಳಗಿನಿಂದಲೇ ನೇರ ಗಾಳಿ ಬರುತ್ತದಾ? ಮೊದಲಿಂದಲೂ ಹೀಗೇನಾ, ಇದ್ದಕ್ಕಿದ್ದ ಹಾಗೆ ಶುರುವಾಯಿತಾ? ಮುಖ್ಯವಾಗಿ, ಒಳಗೆ ಎಳೆದುಕೊಳ್ಳುವ ಗ್ರಿಲ್ ಹತ್ತಿರ ಎಷ್ಟು ಡಿಗ್ರಿ, ಹೊರಗೆ ಬರುವ ವೆಂಟ್‌ನಲ್ಲಿ ಎಷ್ಟು ಡಿಗ್ರಿ? ಅಡುಗೆಮನೆಯ ಪ್ರೋಬ್ ಥರ್ಮಾಮೀಟರ್ ಸಾಕು.

ಹಿಲ್‌ಕಂಟ್ರಿ_ಶಿವು

28 ಅಡಿ, 2014ರ ಟ್ರೈಲರ್. 13.5ಕೆ ಎಸಿ, ಅಂದರೆ 13,500 ಬಿಟಿಯು. ಎಲ್ಲರ ಹತ್ತಿರ ಇರುವಂಥದ್ದೇ, ಅದರಲ್ಲಿ ವಿಶೇಷ ಏನೂ ಇಲ್ಲ. ಗಾಳಿ ಜೋರಾಗೇ ಬರುತ್ತದೆ, ತಂಪಿಲ್ಲ ಅಷ್ಟೇ. ನನ್ನ ಪ್ರಶ್ನೆ ಒಂದೇ: ಹತ್ತು ವರ್ಷ ದಾಟಿದ ಎಸಿಗೆ ದುಡ್ಡು ಹಾಕುವುದು ಸರಿನಾ?

ಫಿಫ್ತ್‌ವೀಲ್_ಗೌಡ

28 ಅಡಿಗೆ 13.5 ಯಾವತ್ತೂ ಸಾಲಲ್ಲ ಗುರು. 12,000 ಬಿಟಿಯು ಅಂದರೆ ಒಂದು ಟನ್. ಊರಿನ ಲೆಕ್ಕದಲ್ಲಿ ನಿನ್ನದು ಒಂದೂಕಾಲು ಟನ್ ಕೂಡ ಇಲ್ಲ. ಎರಡು ಇಂಚಿನ ಗೋಡೆ, ಟೆಕ್ಸಾಸ್ ಬಿಸಿಲು. ನನ್ನದು 40 ಅಡಿ ಫಿಫ್ತ್ ವೀಲ್ (ದೊಡ್ಡ ಟ್ರೈಲರ್), 50 ಆಂಪ್, ಎರಡು 15ಕೆ ಯೂನಿಟ್. ಎರಡಕ್ಕೂ ಮೈಕ್ರೋ-ಏರ್ ಸಾಫ್ಟ್ ಸ್ಟಾರ್ಟ್ ಹಾಕಿದ್ದೇನೆ. ಮೇಲೆ 1,200 ವ್ಯಾಟ್ ಸೋಲಾರ್, ಕೆಳಗೆ ಲಿಥಿಯಂ. ಜುಲೈನಲ್ಲಿ ಮಧ್ಯಾಹ್ನ ಮೂರಕ್ಕೆ 72. ಹಳೆಯದನ್ನು ಕಿತ್ತು 15ಕೆ ಹಾಕು, ಸಾಫ್ಟ್ ಸ್ಟಾರ್ಟರ್ ಸೇರಿಸು, ನೆಮ್ಮದಿಯಾಗಿರು.

ಹುಬ್ಬಳ್ಳಿ_ವೈರ್‌ಮನ್

ಗೌಡ್ರೇ, ಸಾಫ್ಟ್ ಸ್ಟಾರ್ಟರ್‌ಗೂ ತಂಪಿಗೂ ಏನು ಸಂಬಂಧ? ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ 50 ಆಂಪ್ ಮೀರಿ ಎಳೆಯುತ್ತದೆ, ಅದನ್ನು ಅದು ತಗ್ಗಿಸುತ್ತದೆ. ಸಣ್ಣ ಜನರೇಟರ್ ಮೇಲೆ ಓಡಿಸುವವರಿಗೆ ಅದು ಬೇಕೇ ಬೇಕು. ಪೆಡೆಸ್ಟಲ್‌ಗೆ ಚುಚ್ಚಿಕೊಂಡವನಿಗೆ ಅದರಿಂದ ಅರ್ಧ ಡಿಗ್ರಿಯೂ ಇಳಿಯುವುದಿಲ್ಲ. ಶಿವು, ಕೆಪಾಸಿಟರ್ ನೋಡಿದಿರಾ?

ಫಿಫ್ತ್‌ವೀಲ್_ಗೌಡ

ತಂಪಾಗುತ್ತದೆ ಅಂತ ನಾನೆಲ್ಲಿ ಹೇಳಿದೆ? ಹೊಸದು ಹಾಕುವಾಗ ಜೊತೆಗೇ ಹಾಕಿಸಿಕೋ ಅಂದೆ. ಕಂಪ್ರೆಸರ್ ಬಾಳಿಕೆ ಬರುತ್ತದೆ. ಇನ್ನೊಂದು ಮಾತು, ಆರ್‌ವಿ ಎಸಿ ಹೊರಗಿನ ಬಿಸಿಗಿಂತ 20 ಡಿಗ್ರಿ ಕೆಳಗೆ ಇಳಿಸಬಹುದು, ಅದಕ್ಕಿಂತ ಆಗಲ್ಲ. ಹೊರಗೆ 102 ಇದ್ದರೆ ಒಳಗೆ 82. ಅದು ನಿಯಮ.

ರೇಖಾ_ಟೂಸಾನ್

ಅದು ನಿಯಮ ಅಲ್ಲ ಗೌಡ್ರೇ. ಈ ಮಾತನ್ನು ನಂಬಿ ಎಷ್ಟೋ ಜನ ಕೆಟ್ಟ ಎಸಿ ಇಟ್ಟುಕೊಂಡು ಸುಮ್ನೆ ಸೆಕೆ ತಿನ್ನುತ್ತಾರೆ. 16ರಿಂದ 22 ಡಿಗ್ರಿ ಅನ್ನುವುದು ಎಸಿ ಒಳಗೆ ಹೋಗುವ ಗಾಳಿಗೂ ಹೊರಗೆ ಬರುವ ಗಾಳಿಗೂ ನಡುವಿನ ಅಂತರ. ಹೊರಗಿನ ಬಿಸಿಗೂ ಅದಕ್ಕೂ ಲೆಕ್ಕ ಇಲ್ಲ. 86ರ ಗಾಳಿ ಒಳಗೆ ಹೋದರೆ 66 ಹೊರಗೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಕೋಣೆ 82 ಆದರೆ 62 ಬರುತ್ತದೆ. ಹೀಗೆ ಇಳಿಯುತ್ತಾ ಹೋಗುತ್ತದೆ. ಗೋಡೆ, ಕಿಟಕಿ, ಚಾವಣಿಯಿಂದ ನುಗ್ಗುವ ಬಿಸಿಯೂ ಎಸಿ ತೆಗೆಯುವ ಬಿಸಿಯೂ ಸಮ ಆದಾಗ ಅಲ್ಲಿ ನಿಲ್ಲುತ್ತದೆ. ನಮ್ಮ ಟೂಸಾನ್‌ನಲ್ಲಿ 108ರಲ್ಲೂ ನನ್ನ ಟ್ರೈಲರ್ ಒಳಗೆ 78 ಇರುತ್ತದೆ, ಒಂದೇ ಯೂನಿಟ್. ಹಾಗಂತ ಹ್ಯೂಸ್ಟನ್ ಕಡೆಯವರು ನನ್ನ ಅಂಕಿ ಹಿಡಿಯಬೇಡಿ. ತೇವ ಜಾಸ್ತಿ ಇದ್ದ ಕಡೆ ಎಸಿ ತನ್ನ ಶಕ್ತಿಯ ಒಂದು ಪಾಲನ್ನು ಗಾಳಿಯ ನೀರು ತೆಗೆಯುವುದಕ್ಕೇ ಖರ್ಚು ಮಾಡುತ್ತದೆ, ಅಂತರ ಕಡಿಮೆ ಬರುತ್ತದೆ.

ಹೊಸಬ_ನಾಗ್

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಎಸಿ ತಣ್ಣಗೇ ಇದೆ, ಆದರೆ ಟ್ರೈಲರ್ ಹೊರಟ ಕೂಡಲೇ ಗ್ರಿಲ್‌ನಿಂದ ಹಾಸಿಗೆ ಮೇಲೆ ನೀರು ಸುರಿಯುತ್ತದೆ. ಇದು ಎಸಿಯಲ್ಲಿ ತಂಪು ಮಾಡುವ ಗ್ಯಾಸ್‌ನ ಸಮಸ್ಯೆನಾ?

ಕುಡ್ಲ_ಕ್ಯಾಂಪರ್

ಗ್ಯಾಸ್ ಅಲ್ಲ ನಾಗ್. ಮೇಲೆ ತಟ್ಟೆಯಲ್ಲಿ ನಿಂತ ನೀರು ಅದು. ನೀರು ಹೋಗುವ ತೂತು ಕಟ್ಟಿರಬಹುದು, ಇಲ್ಲ ಗ್ಯಾಸ್ಕೆಟ್ ಸಡಿಲ ಆಗಿರಬಹುದು. ಒಳಗಿನಿಂದ ನಾಲ್ಕು ಉದ್ದನೆಯ ಬೋಲ್ಟ್ ಇರುತ್ತವೆ. ಫೋಮ್ ಗ್ಯಾಸ್ಕೆಟ್ ಅರ್ಧ ಇಂಚಿಗೆ ಒತ್ತಿಕೊಳ್ಳುವ ತನಕ ಸಮವಾಗಿ ಬಿಗಿ ಮಾಡಿ. ಜೋರಾಗಿ ಬಿಗಿದು ಚಪ್ಪಟೆ ಮಾಡಿದರೆ ಮತ್ತೆ ಸೋರುತ್ತದೆ.

ಹಿಲ್‌ಕಂಟ್ರಿ_ಶಿವು

ನನ್ನ ಪ್ರಶ್ನೆಗೆ ವಾಪಸ್ ಬರೋಣ್ವಾ?

ಕೆಪಾಸಿಟರ್ ಉಬ್ಬಿಲ್ಲ. ಪಕ್ಕದ ಮನೆಯವರ ಮೀಟರ್‌ನಲ್ಲಿ 38.1 ಮೈಕ್ರೋಫ್ಯಾರಡ್ ತೋರಿಸಿತು, ಮೇಲೆ 40 ಅಂತ ಬರೆದಿದೆ. ವೋಲ್ಟೇಜ್ ಎಸಿ ಓಡುವಾಗ 114. ಪ್ಲಗ್ ಚೆನ್ನಾಗಿದೆ. ಗ್ರಿಲ್ ಹತ್ತಿರ 86, ಬೆಡ್‌ರೂಮ್ ವೆಂಟ್‌ನಲ್ಲಿ 76. ಹತ್ತೇ ಡಿಗ್ರಿ. ಅಂದರೆ ಸರ್ವಿಸ್ ಸೆಂಟರ್‌ನವರು ಹೇಳಿದ್ದೇ ನಿಜ, ಎಸಿ ಸತ್ತಿದೆ, ಅಲ್ವಾ? ಗ್ಯಾಸ್ ತುಂಬಿಸಿದರೆ ಆಗುವುದಿಲ್ವಾ? ಊರಲ್ಲಿ ಫ್ರಿಜ್‌ಗೆ ಮೂರು ಸಲ ಗ್ಯಾಸ್ ತುಂಬಿಸಿ ಹದಿನೈದು ವರ್ಷ ಓಡಿಸಿದ್ದೇವೆ. ಇಲ್ಲಿ ಎಲ್ಲದಕ್ಕೂ "ಬದಲಾಯಿಸಿ" ಅನ್ನುತ್ತಾರೆ.

ಹುಬ್ಬಳ್ಳಿ_ವೈರ್‌ಮನ್

38.1 ಅಂದರೆ ಇಳಿಯುವ ದಾರಿ ಹಿಡಿದಿದೆ. ಬದಲಾಯಿಸಿ. ಮೊದಲು ಅದು, ಆಮೇಲೆ ಉಳಿದದ್ದು.

ಗ್ಯಾಸ್ ವಿಷಯಕ್ಕೆ ನಾನೇ ಹೇಳಬೇಕು, ಯಾಕಂದರೆ ನಮ್ಮ ಮಾಮಾ ಅವರದು ದುರ್ಗದಬೈಲ್ ಹತ್ತಿರ ಫ್ರಿಜ್ ರಿಪೇರಿ ಅಂಗಡಿ ಇತ್ತು. ರಜೆಯಲ್ಲಿ ನಾನು ಅಲ್ಲೇ ಇರುತ್ತಿದ್ದೆ. ಸೋರುವ ಜಾಗ ಹುಡುಕಿ, ಬೆಸುಗೆ ಹಾಕಿ, ವ್ಯಾಕ್ಯೂಮ್ ಎಳೆದು, ಗ್ಯಾಸ್ ತುಂಬಿ ಕಳಿಸುತ್ತಿದ್ದರು. ಆ ಕೆಲಸಕ್ಕೆ ನನಗೆ ಇವತ್ತಿಗೂ ಗೌರವ ಇದೆ. ಇಲ್ಲಿ ಆರ್‌ವಿ ಮೇಲಿನ ಎಸಿ ಬೇರೆ ರೀತಿ. ಪೂರ್ತಿ ಸೀಲ್ ಮಾಡಿದ ಡಬ್ಬಿ, ಗೇಜ್ ಹಚ್ಚುವುದಕ್ಕೆ ಬಾಯೇ ಇರುವುದಿಲ್ಲ. ತಾಮ್ರದ ಪೈಪ್‌ಗೆ ಚುಚ್ಚುವ ವಾಲ್ವ್ ಹಾಕಬೇಕು, ಅದೇ ಮುಂದೆ ಸೋರುವ ಜಾಗ ಆಗುತ್ತದೆ. ಗ್ಯಾಸ್ ಮುಟ್ಟುವುದಕ್ಕೆ ಇಪಿಎ (ಇಲ್ಲಿನ ಪರಿಸರ ಇಲಾಖೆ) ಸೆಕ್ಷನ್ 608 ಸರ್ಟಿಫಿಕೇಟ್ ಬೇಕು, ಸುಮ್ನೆ ಯಾರೋ ಬಂದು ತುಂಬುವ ಹಾಗಿಲ್ಲ. ಹಳೆಯ ಯೂನಿಟ್ ಆರ್-22 ಗ್ಯಾಸ್‌ನದ್ದು ಆಗಿದ್ದರೆ ಅದರ ತಯಾರಿಕೆ, ಆಮದು ಎರಡೂ 2020ಕ್ಕೇ ನಿಂತಿವೆ. ನಿಮ್ಮದು ಆರ್-410ಎ ಇರಬೇಕು. ಕೂಲಿ, ಗ್ಯಾಸ್ ಸೇರಿದರೆ ಹೊಸ ಯೂನಿಟ್‌ನ ಅರ್ಧ ಬೆಲೆ ಆಗುತ್ತದೆ, ಒಂದು ಬೇಸಿಗೆಗೂ ಗ್ಯಾರಂಟಿ ಇಲ್ಲ. ಗ್ಯಾಸ್ ಹೋಗಿದ್ದು ಖಚಿತ ಆದರೆ ಯೂನಿಟ್ ಬದಲಾಯಿಸುವುದೇ ಸರಿ ರೀ. ಆದರೆ ಅದಕ್ಕೂ ಮೊದಲು ಕೆಪಾಸಿಟರ್.

ರೇಖಾ_ಟೂಸಾನ್

40ಕ್ಕೆ ಆರು ಪರ್ಸೆಂಟ್ ಆಚೀಚೆ ಅಂತ ಅದರ ಮೇಲೇ ಬರೆದಿರುತ್ತದೆ. 37.6ರ ತನಕ ಸರಿ. ಕೆಪಾಸಿಟರ್ ಬಿಡಿ.

ಶಿವು, ನೀವು ಒಂದು ಮಾತು ಹೇಳಿಬಿಟ್ಟಿರಿ, ನೋಡಿದಿರಾ? "ಬೆಡ್‌ರೂಮ್ ವೆಂಟ್" ಅಂದಿರಿ. ಅಂದರೆ ನಿಮ್ಮದು ಡಕ್ಟ್ ಇರುವ ಟ್ರೈಲರ್. ಇನ್ನು ಎರಡು ಅಂಕಿ ಬೇಕು. ಒಂದು, ಎಸಿ ಎಷ್ಟು ಆಂಪ್ ಎಳೆಯುತ್ತಿದೆ. ಬ್ರೇಕರ್ ಪ್ಯಾನೆಲ್‌ನಲ್ಲಿ ಎಸಿಯ ಕಪ್ಪು ವೈರ್ ಒಂದಕ್ಕೇ ಕ್ಲ್ಯಾಂಪ್ ಮೀಟರ್ ಹಾಕಬೇಕು. ಕರೆಂಟ್ ಕೆಲಸ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಲಿ ಮಾಡಿಸಿ. ಗ್ಯಾಸ್ ಕಡಿಮೆ ಇದ್ದರೆ ಕಂಪ್ರೆಸರ್‌ಗೆ ಕೆಲಸ ಕಡಿಮೆ, ಆಂಪ್ ಕೆಳಗಿರುತ್ತದೆ. ಎರಡು, ಗ್ರಿಲ್ ಮತ್ತು ಫಿಲ್ಟರ್ ಬಿಚ್ಚಿ, ಪ್ರೋಬನ್ನು ಒಳಗೆ ಗಾಳಿ ತಣ್ಣಗೆ ಮಾಡುವ ಕಾಯಿಲ್‌ನ ಫಿನ್‌ಗಳ ಹತ್ತಿರ ಹಿಡಿದು ಓದಿ. ಗ್ರಿಲ್ ಹೊರಗಲ್ಲ. ಆಮೇಲೆ ಗ್ರಿಲ್ ಪಕ್ಕದಲ್ಲೇ ನೇರ ಕೆಳಗೆ ಗಾಳಿ ಬಿಡುವ ಸಣ್ಣ ಬಾಗಿಲು ಇದ್ದರೆ ಅದನ್ನು ತೆರೆದು ಅಲ್ಲೂ ಓದಿ.

ಮೇಲೆ ಹತ್ತಿದರೆ ಎಸಿಯ ಪ್ಲೇಟ್ ಮೇಲೆ ತಯಾರಾದ ವರ್ಷ ಏನಿದೆ ನೋಡಿ ಬನ್ನಿ.

ಫಿಫ್ತ್‌ವೀಲ್_ಗೌಡ

ಇಷ್ಟೆಲ್ಲ ತಲೆನೋವು ಯಾಕೆ? 15ಕೆ ಹಾಕಿದರೆ ಮುಗಿಯಿತು. ಚಾವಣಿಯ ತೂತು ಎಲ್ಲದಕ್ಕೂ ಒಂದೇ, 14 ಇಂಚು ಚೌಕ. ಡೊಮೆಟಿಕ್ ಇರಲಿ, ಕೋಲ್ಮನ್ ಇರಲಿ, ಫ್ಯೂರಿಯನ್ ಇರಲಿ, ಕೂರುತ್ತದೆ. ನನ್ನ ಲಿಥಿಯಂ ಬ್ಯಾಂಕ್ ಮೇಲೆ ಒಂದು ಎಸಿ ರಾತ್ರಿಯಿಡೀ ಓಡಿಸುತ್ತೇನೆ, ಜನರೇಟರ್ ಸದ್ದೇ ಇಲ್ಲ.

ಕುಡ್ಲ_ಕ್ಯಾಂಪರ್

ರಾತ್ರಿಯಿಡೀ? ಎಷ್ಟು ಆಂಪ್-ಅವರ್ ಬ್ಯಾಂಕ್ ಗೌಡ್ರೇ? 12 ವೋಲ್ಟ್ 400 ಆಂಪ್-ಅವರ್ ಅಂದರೆ ಐದು ಯೂನಿಟ್ ಕರೆಂಟ್. ಎಸಿ ಒಂದೂವರೆ ಕಿಲೋವ್ಯಾಟ್ ಎಳೆದರೆ ಮೂರು ಗಂಟೆ ಚಿಲ್ಲರೆ, ಅಷ್ಟೇ.

ಫಿಫ್ತ್‌ವೀಲ್_ಗೌಡ

ನನ್ನದು ಅದರ ಮೂರು ಪಟ್ಟು ಇದೆ. ರಾತ್ರಿ ಹೊತ್ತು ಕಂಪ್ರೆಸರ್ ನಿಂತು ನಿಂತು ಓಡುತ್ತದೆ, ಒಂದೇ ಸಮ ಓಡುವುದಿಲ್ಲ. ಫೋಟೋ ಬೇರೆ ಕಡೆ ಹಾಕುತ್ತೇನೆ, ನೋಡಿ.

ಹಿಲ್‌ಕಂಟ್ರಿ_ಶಿವು

ಸರಿ, ರೇಖಾ ಮೇಡಂ ಕೇಳಿದ್ದು ಎಲ್ಲ ಇಲ್ಲಿದೆ. ಆಂಪ್ 12.8. ಗ್ರಿಲ್ ಹೊರಗೆ 86, ಫಿಲ್ಟರ್ ತೆಗೆದು ಕಾಯಿಲ್ ಹತ್ತಿರ 97. ಸಣ್ಣ ಬಾಗಿಲಿನಲ್ಲಿ 75. ನಾನೇ ಎರಡು ಸಲ ಓದಿದೆ, ನಂಬೋಕೆ ಆಗಲಿಲ್ಲ. ಕೋಣೆಯಲ್ಲಿ 86 ಇದ್ದರೆ ಎಸಿ ಬಾಯಿಗೆ 97 ಎಲ್ಲಿಂದ ಬಂತು?

ಇನ್ನೊಂದು. ಪ್ಲೇಟ್ ಮೇಲೆ 2021 ಅಂತ ಇದೆ. ಟ್ರೈಲರ್ ಸೆಕೆಂಡ್ ಹ್ಯಾಂಡ್, ಈ ವಸಂತದಲ್ಲಿ ತಗೊಂಡಿದ್ದು. ಹಿಂದಿನವರು ಎಸಿ ಬದಲಾಯಿಸಿದ್ದರು ಅಂತ ಕಾಣುತ್ತದೆ.

ರೇಖಾ_ಟೂಸಾನ್

ಬದಲಾಯಿಸಬೇಡಿ! ಎಸಿ ಸರಿಯಾಗಿದೆ. 97 ಒಳಗೆ ಹೋಗಿ 75 ಹೊರಗೆ ಬರುತ್ತಿದೆ, 22 ಡಿಗ್ರಿ. 12.8 ಆಂಪ್ 13.5ಕೆ ಯೂನಿಟ್‌ಗೆ ಬಿಸಿಲಲ್ಲಿ ಇರಬೇಕಾದಷ್ಟೇ. ಗ್ಯಾಸ್ ಇದೆ, ಕಂಪ್ರೆಸರ್ ಇದೆ.

ಆ 97 ಬಂದಿದ್ದು ನಿಮ್ಮ ಚಾವಣಿ ಒಳಗಿನಿಂದ. ರೂಫ್ ಮತ್ತು ಸೀಲಿಂಗ್ ನಡುವೆ ಒಂದು ಖಾಲಿ ಜಾಗ ಇರುತ್ತದೆ, ಮಧ್ಯಾಹ್ನ ಅದು ಕಾದ ಒಲೆ. 14 ಇಂಚಿನ ಆ ಚೌಕದ ನಾಲ್ಕೂ ಗೋಡೆಗಳನ್ನು ಮುಚ್ಚಿರಬೇಕು. ಅದರ ಒಂದು ಅರ್ಧ ಭಾಗ ಕೋಣೆಯ ಗಾಳಿ ಎಳೆದುಕೊಳ್ಳಲು, ಇನ್ನೊಂದು ಅರ್ಧ ತಣ್ಣನೆ ಗಾಳಿಯನ್ನು ಡಕ್ಟ್‌ಗೆ ಕಳಿಸಲು, ನಡುವೆ ಒಂದು ಅಡ್ಡಗೋಡೆ. ಎಸಿ ಬದಲಾಯಿಸುವಾಗ ಈ ಭಾಗವನ್ನು ಹಾಗೇ ಬಿಟ್ಟುಬಿಡುವುದು ತುಂಬ ಸಾಮಾನ್ಯ. ಆಗ ಫ್ಯಾನ್ ಕೋಣೆಯ ಗಾಳಿ ಜೊತೆ ಆ ಕಾದ ಗಾಳಿಯನ್ನೂ ಎಳೆಯುತ್ತದೆ. ತಣ್ಣನೆ ಗಾಳಿಯೂ ಅದೇ ಸಂದಿಗೆ ನುಗ್ಗಿ ಹಾಳಾಗುತ್ತದೆ. ಹೊಸ 15ಕೆ ಹಾಕಿದ್ದರೂ ಇದೇ ಕಥೆ. 2,400 ಡಾಲರ್ ಕೊಟ್ಟ ಮೇಲೂ ನಿಮ್ಮ ಅಮ್ಮ ಟ್ರಕ್‌ನಲ್ಲೇ ಕೂರಬೇಕಾಗುತ್ತಿತ್ತು. ಅದು ನೆನೆದರೆ ನನಗೇ ಸಂಕಟ ಆಗುತ್ತದೆ.

ಪವರ್ ಪೂರ್ತಿ ತೆಗೆದು, ಟಾರ್ಚ್ ಹಿಡಿದು ಒಳಗೆ ನೋಡಿ. ಏನು ಕಂಡಿತು ಹೇಳಿ.

ಹಿಲ್‌ಕಂಟ್ರಿ_ಶಿವು

ನೋಡಿದೆ. ಮುಂದಿನ ಕಡೆ ಮರದ ಕಚ್ಚಾ ಅಂಚು ಹಾಗೇ ಕಾಣುತ್ತದೆ, ಗರಗಸದ ಹೊಟ್ಟು ಇನ್ನೂ ಮೆತ್ತಿಕೊಂಡಿದೆ. ಅದರ ಪಕ್ಕ ಮೂರು ಬೆರಳು ಹೋಗುವಷ್ಟು ಸಂದಿ, ಒಳಗೆ ಹಳದಿ ಗ್ಲಾಸ್ ಉಣ್ಣೆ ಇಣುಕುತ್ತಿದೆ. ಬೆರಳು ಇಟ್ಟರೆ ಬಿಸಿ. ಅಡ್ಡಗೋಡೆಗೆ ಹಚ್ಚಿದ್ದ ಟೇಪ್ ಒಂದು ಕಡೆ ಕಿತ್ತು ಜೋತಾಡುತ್ತಿದೆ, ಅದರ ಗೋಂದಿನ ಮೇಲೆ ಬರೀ ಧೂಳು. ಸರ್ವಿಸ್ ಸೆಂಟರ್‌ನವರು ಗ್ರಿಲ್ ಬಿಚ್ಚಿದ್ದರೆ ಇದು ಮೊದಲು ಕಣ್ಣಿಗೆ ಬೀಳುತ್ತಿತ್ತು. ಸಿಟ್ಟು ಬರುತ್ತಿದೆ. ಈಗ ಏನು ಹಚ್ಚಲಿ? ಮನೆಯಲ್ಲಿ ಬೂದು ಬಣ್ಣದ ಡಕ್ಟ್ ಟೇಪ್ ಇದೆ.

ರೇಖಾ_ಟೂಸಾನ್

ಅದು ಬೇಡ. ಬಟ್ಟೆಯ ಟೇಪ್ ಬಿಸಿಗೆ ಬಿಟ್ಟುಕೊಳ್ಳುತ್ತದೆ. ಹೋಮ್ ಡಿಪೋ, ಲೋಸ್‌ನಲ್ಲಿ ಸಿಗುವ ಅಲ್ಯೂಮಿನಿಯಂ ಫಾಯಿಲ್ ಟೇಪ್, ಎಚ್‌ವಿಎಸಿ ಅಂತ ಬರೆದಿರುತ್ತದೆ, ಅದನ್ನು ತನ್ನಿ. ಜೊತೆಗೆ ಒಂದು ಇಂಚು ದಪ್ಪದ, ಫಾಯಿಲ್ ಹೊದಿಸಿದ ಫೋಮ್ ಬೋರ್ಡ್. ಹೊಟ್ಟು, ಧೂಳು ಬ್ರಷ್‌ನಿಂದ ತೆಗೆಯಿರಿ, ಆಮೇಲೆ ರಬ್ಬಿಂಗ್ ಆಲ್ಕೋಹಾಲ್ ಹಾಕಿ ಒರೆಸಿ ಒಣಗಲು ಬಿಡಿ. ಹಿಂದಿನವರ ಟೇಪ್ ಕಿತ್ತಿದ್ದು ಧೂಳಿನ ಮೇಲೆ ಹಚ್ಚಿದ್ದಕ್ಕೇ. ಸಂದಿಗೆ ಬೋರ್ಡ್ ಕತ್ತರಿಸಿ ಕೂರಿಸಿ, ಅಂಚುಗಳಿಗೆ ಟೇಪ್ ಹಚ್ಚಿ ಚಮಚದ ಹಿಂಬದಿಯಿಂದ ಉಜ್ಜಿ. ಡಕ್ಟ್ ಬಾಯಿಯ ಸುತ್ತಲೂ ಹಚ್ಚಿ. ಅಡ್ಡಗೋಡೆ ಮೇಲಿನ ತನಕ ಮುಟ್ಟಬೇಕು, ಅರ್ಧಕ್ಕೆ ನಿಂತರೆ ತಣ್ಣನೆ ಗಾಳಿ ಹಿಂದಕ್ಕೇ ತಿರುಗಿ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಒಳಗಿನ ವೈರ್ ಮತ್ತು ಥರ್ಮೋಸ್ಟಾಟ್ ಸೆನ್ಸರ್ ಮೇಲೆ ಟೇಪ್ ಹಚ್ಚಬೇಡಿ.

ಹುಬ್ಬಳ್ಳಿ_ವೈರ್‌ಮನ್

ಹೇಗೂ ಬಿಚ್ಚಿದ್ದೀರಿ, 25 ಡಾಲರ್‌ನ ಕೆಪಾಸಿಟರ್ ಒಂದು ತರಿಸಿ ಡ್ರಾಯರ್‌ನಲ್ಲಿ ಇಟ್ಟುಕೊಳ್ಳಿ. ಕಾಡಿನ ನಡುವೆ ಕೈಕೊಟ್ಟರೆ ನನ್ನ ಮಾತು ನೆನಪಾಗುತ್ತದೆ.

ಹಿಲ್‌ಕಂಟ್ರಿ_ಶಿವು

ಶನಿವಾರ ಮುಗಿಸಿದೆ. ಮೇಲೆ ಮುಖ ಮಾಡಿ ಕೆಲಸ ಮಾಡಿ ಕುತ್ತಿಗೆ ಹಿಡಿದುಕೊಂಡಿದೆ. ಟೇಪ್, ಬೋರ್ಡ್ ಎಲ್ಲ ಸೇರಿ 40 ಡಾಲರ್ ಒಳಗೆ. ಭಾನುವಾರ ಹೊರಗೆ 101, ಸಂಜೆ ನಾಲ್ಕಕ್ಕೆ ಒಳಗೆ 78. ಕಾಯಿಲ್ ಹತ್ತಿರ ಈಗ 79, ಸಣ್ಣ ಬಾಗಿಲಲ್ಲಿ 59. ಬಚ್ಚಲಿನ ಸ್ಕೈಲೈಟ್‌ಗೆ ದಿಂಬು ತುರುಕಿದ್ದೇನೆ, ಪಶ್ಚಿಮದ ಕಿಟಕಿಗೆ ಬಿಸಿಲು ತಡೆಯುವ ರಿಫ್ಲೆಕ್ಟಿಕ್ಸ್ ಹಾಳೆ ಹಾಕಿದ್ದೇನೆ. ಅಪ್ಪ ಮಧ್ಯಾಹ್ನ ಒಳಗೆ ಮಲಗಿ ನಿದ್ದೆ ಮಾಡಿದರು. ಮೇಡಂ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಒಂದು ಉಳಿದಿದೆ. ಅಡುಗೆ ಕಡೆಯ ಎರಡು ವೆಂಟ್‌ನಲ್ಲಿ ಗಾಳಿ ಇನ್ನೂ ತೀರಾ ಕಡಿಮೆ.

ರೇಖಾ_ಟೂಸಾನ್

ತುಂಬ ಖುಷಿಯಾಯಿತು. ಆ ವೆಂಟ್‌ಗಳ ಮುಚ್ಚಳ ತೆಗೆದು ಒಳಗೆ ಕೈ ಹಾಕಿ ನೋಡಿ. ಡಕ್ಟ್‌ನ ತೂತಿಗೂ ಸೀಲಿಂಗ್ ತೂತಿಗೂ ಸರಿಯಾಗಿ ಕೂಡಿರುವುದಿಲ್ಲ, ಫಾಯಿಲ್ ಮಡಚಿಕೊಂಡು ಬಾಯಿ ಮುಚ್ಚಿರುತ್ತದೆ. ಅಲ್ಲೂ ಅದೇ ಟೇಪ್. ಡಕ್ಟ್‌ನ ಕೊನೆ ತುದಿ ಕೊನೆಯ ವೆಂಟ್ ದಾಟಿ ಮುಂದೆ ಹೋಗಿದ್ದರೆ ಅದನ್ನೂ ಬೋರ್ಡ್ ಹಾಕಿ ಮುಚ್ಚಿ.

ಫಿಫ್ತ್‌ವೀಲ್_ಗೌಡ

ಒಳ್ಳೆಯದಾಯಿತು ಶಿವು. ಆದರೂ ಮುಂದಿನ ವರ್ಷ 15ಕೆ ಯೋಚನೆ ಮಾಡು. 78 ನನಗೆ ಸೆಕೆ.

ಕುಡ್ಲ_ಕ್ಯಾಂಪರ್

ಮಾಡುವುದಾದರೆ ಅದೇ ಕಂಪನಿಯದ್ದು ತಗೊಳ್ಳಿ. ತೂತು ಒಂದೇ ಅಳತೆ ನಿಜ, ಆದರೆ ಕಂಪನಿ ಬದಲಾದರೆ ಒಳಗಿನ ಸೀಲಿಂಗ್ ಡಬ್ಬಿ, ಕಂಟ್ರೋಲ್ ಬೋರ್ಡ್, ಥರ್ಮೋಸ್ಟಾಟ್ ಎಲ್ಲ ಬದಲಾಯಿಸಬೇಕಾಗಬಹುದು. ಯೂನಿಟ್ ತೂಕ 75ರಿಂದ 100 ಪೌಂಡ್, ಒಬ್ಬರೇ ಏಣಿ ಮೇಲೆ ಹೊತ್ತುಕೊಂಡು ಹೋಗಬೇಡಿ.

ಹೊಸಬ_ನಾಗ್

ನಾಲ್ಕೂ ಬೋಲ್ಟ್ ಬಿಗಿ ಮಾಡಿದೆ, ನೀರು ಹೋಗುವ ತೂತುಗಳನ್ನು ತಂತಿ ಹಾಕಿ ತೆಗೆದೆ. ಈಗ ನಿಂತಲ್ಲಿ ಸೋರುವುದಿಲ್ಲ, ಎಡಕ್ಕೆ ತಿರುಗಿದಾಗ ಮಾತ್ರ ಹನಿ ಬೀಳುತ್ತದೆ. ಗ್ಯಾಸ್ಕೆಟ್ ಮುಕ್ಕಾಲು ಇಂಚು ಇದೆ. ಇನ್ನೂ ಬಿಗಿ ಮಾಡಲಾ?